ವೈದ್ಯರಿಗೆ ಎರಡನೆಯ ಕಣ್ಣು

ಅನ್ನನಾಳ, ಜಠರಗಳ ಕ್ಯಾನ್ಸರು ಆರಂಭದಲ್ಲಿ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಅದರ ಕೇಡು ಇರುವುದೇ ಇಲ್ಲಿ. ಅಜೀರ್ಣವೆಂದು ಸೋಡಾ ಕುಡಿದು, ಗುಳಿಗೆ ನುಂಗಿ ದಿನ ದೂಡುವಷ್ಟರಲ್ಲಿ ಅದು ಬೆಳೆದಿರುತ್ತದೆ. ಬೇಗ ಕಂಡುಹಿಡಿದರೆ ಗುಣವಾಗುವ ಸಂಭವ ಹೆಚ್ಚು.

ಒಳಗನ್ನು ನೋಡುವ ಉಪಾಯವೇ ಎಂಡೋಸ್ಕೋಪಿ. ತುದಿಯಲ್ಲಿ ದೀಪವೂ ಕ್ಯಾಮರಾವೂ ಇರುವ ಬಾಗುವ ಕೊಳವೆಯನ್ನು ಬಾಯಿಯಿಂದ ಇಳಿಸಿ, ವೈದ್ಯರು ಒಳಪದರವನ್ನು ಪರದೆಯ ಮೇಲೆ ನೋಡುತ್ತಾರೆ. ಆದರೆ ಎಳೆಯ ಕ್ಯಾನ್ಸರು ತುಸು ಕೆಂಪು, ತುಸು ತಗ್ಗು, ಇಷ್ಟೇ. ಬಟ್ಟೆಯ ತಾನು ಪರೀಕ್ಷಿಸುವವರಿಗೆ ಒಂದು ಎಳೆ ತಪ್ಪಿದ್ದು ಕಣ್ಣಿಗೆ ಬೀಳದೆ ಹೋಗುವಂತೆ, ನುರಿತ ವೈದ್ಯರಿಗೂ ಇದು ತಪ್ಪಬಹುದು.

ಇಲ್ಲಿ ಕೃತಕ ಬುದ್ಧಿಮತ್ತೆ ನೆರವಿಗೆ ಬಂದಿದೆ. ರೋಗ ಇಂಥದೆಂದು ಗೊತ್ತಿರುವ ಸಾವಿರಾರು ಚಿತ್ರಗಳನ್ನು ಕೊಟ್ಟು ಕಂಪ್ಯೂಟರನ್ನು ಪಳಗಿಸುತ್ತಾರೆ. ಆಮೇಲೆ ಹೊಸ ಚಿತ್ರದಲ್ಲಿ ಅನುಮಾನದ ಜಾಗಕ್ಕೆ ಅದು ಗುರುತು ಹಾಕುತ್ತದೆ. ಜಪಾನಿನ ವೈದ್ಯರು ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ನೋಡಿ. ೧೩,೫೮೪ ಚಿತ್ರಗಳಿಂದ ಕಲಿತ ಯಂತ್ರಕ್ಕೆ ೬೯ ರೋಗಿಗಳ ೨,೨೯೬ ಚಿತ್ರಗಳನ್ನು ಕೊಟ್ಟರು. ಅದು ೪೭ ಸೆಕೆಂಡಿನಲ್ಲಿ ಎಲ್ಲವನ್ನೂ ನೋಡಿ, ಇದ್ದ ೭೭ ಜಠರದ ಕ್ಯಾನ್ಸರು ಜಾಗಗಳಲ್ಲಿ ೭೧ನ್ನು ಹಿಡಿಯಿತು. ತಪ್ಪಿದ ೬ರಲ್ಲಿ ೫, ಐದು ಮಿಲಿಮೀಟರು ಮೀರದವು.

ಲೆಕ್ಕದ ಇನ್ನೊಂದು ಬದಿಯನ್ನೂ ಓದಬೇಕು. ಕ್ಯಾನ್ಸರಲ್ಲದ ೧೬೧ ಜಾಗಗಳಿಗೂ ಅದು ಗುರುತು ಹಾಕಿತು. ಇವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಬರಿಯ ಜಠರದ ಉರಿಯೂತ. ಎಂದರೆ ಒಟ್ಟು ೨೩೨ ಗುರುತುಗಳಲ್ಲಿ ನಿಜವಾದವು ಮೂರರಲ್ಲಿ ಒಂದಕ್ಕೂ ಕಡಿಮೆ. ಆದ್ದರಿಂದ ಯಂತ್ರದ ಗುರುತು ತೀರ್ಪಲ್ಲ. ಆ ಜಾಗದಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ ನಿರ್ಣಯ. ಗುರುತು ಕಂಡೊಡನೆ ಎದೆಗುಂದಬೇಕಾಗಿಲ್ಲ.

ಯಂತ್ರಕ್ಕೆ ಇನ್ನೊಂದು ಕೆಲಸವೂ ಇದೆ: ವೈದ್ಯರು ನೋಡದೆ ಬಿಟ್ಟ ಮೂಲೆಯನ್ನು ನೆನಪಿಸುವುದು. ಚೀನಾದ ವುಹಾನಿನಲ್ಲಿ ೩೨೪ ಜನರ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೋಡದೆ ಉಳಿದ ಜಾಗಗಳು ಯಂತ್ರವಿಲ್ಲದ ಪಂಗಡದಲ್ಲಿ ಶೇಕಡಾ ಸುಮಾರು ೨೨. ಯಂತ್ರವಿದ್ದ ಪಂಗಡದಲ್ಲಿ ಸುಮಾರು ೬.

ಆದರೆ ವಾಚಕರೇ, ಕೊಳವೆ ಒಳಗಿಳಿದ ಮೇಲಷ್ಟೇ ಈ ಕಣ್ಣಿಗೆ ಕೆಲಸ. ನುಂಗಲು ತೊಡಕು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ, ನಿಲ್ಲದ ವಾಂತಿ, ಇವು ಕಂಡರೆ ಕ್ಯಾನ್ಸರೇ ಎಂದಲ್ಲ; ಆದರೂ ರಜೆ ಸಿಗಲಿ ಎಂದು ಕಾಯದೆ ವೈದ್ಯರಿಗೆ ತೋರಿಸಿಕೊಳ್ಳಿ.