ಬೆಳೆಯುವ ಪೇಟೆ, ಬರಿದಾಗುವ ಕೊಟ್ಟಿಗೆ



ಹಸುಗಳ ಚಿಕಿತ್ಸೆಗೆಂದು ಹಳ್ಳಿಗಳಿಗೆ ಹೋದಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. “ಮಗ ಬೆಂಗಳೂರಿಗೆ ಹೋದ ಡಾಕ್ಟ್ರೇ, ಇನ್ನು ನನ್ನ ಕೈಲಿ ಹುಲ್ಲು ಹೊರೋಕಾಗಲ್ಲ. ಒಂದು ಹಸು ಇಟ್ಕೊಂಡು ಉಳಿದದ್ದು ಕೊಟ್ಟುಬಿಡ್ತೀವಿ.” ಹೀಗೆ ಹೇಳುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದ ತಾಯಂದಿರು. ಕೆಲಸ ಹುಡುಕಿ ಹೊರಟ ಮಗನದು ತಪ್ಪಲ್ಲ, ಹಸು ಮಾರುವ ತಾಯಿಯದೂ ತಪ್ಪಲ್ಲ. ಆದರೆ ಇಂಥ ಸಾವಿರಾರು ಮನೆಗಳ ತೀರ್ಮಾನ ಸೇರಿದಾಗ ಅದು ದೇಶದ ಆರ್ಥಿಕ ಸ್ಥಿತಿಯನ್ನೇ ಬದಲಿಸುತ್ತದೆ. ಆದ್ದರಿಂದ ಈ ಸಲ ಹಸುವಿನ ರೋಗದ ವಿಷಯ ಬಿಟ್ಟು, ನಗರಗಳ ಬೆಳವಣಿಗೆ ಮತ್ತು ನಿರುದ್ಯೋಗದ ವಿಷಯ ತಿಳಿಯೋಣ.

ನಗರಗಳು ಬೆಳೆದ ಬಗೆ

1951ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 17 ಜನ ಮಾತ್ರ ಪಟ್ಟಣವಾಸಿಗಳಾಗಿದ್ದರು. 2011ರ ವೇಳೆಗೆ ಇದು 31 ಆಯಿತು. ಕರ್ನಾಟಕದಲ್ಲಿ ಅದೇ ವರ್ಷ ನೂರಕ್ಕೆ ಸುಮಾರು 39. ಬೆಂಗಳೂರು ಮತ್ತು ಅದಕ್ಕೆ ಹೊಂದಿಕೊಂಡ ಪ್ರದೇಶದ ಜನಸಂಖ್ಯೆ 2001ರಲ್ಲಿ ಸುಮಾರು 57 ಲಕ್ಷವಿದ್ದುದು 2011ಕ್ಕೆ ಸುಮಾರು 85 ಲಕ್ಷಕ್ಕೆ ಏರಿತು.

ನಗರ ಬೆಳೆಯುವುದೇ ಕೆಟ್ಟದ್ದೆಂದು ತಿಳಿಯಬಾರದು. ಕಾರ್ಖಾನೆ, ಕಾಲೇಜು, ಆಸ್ಪತ್ರೆ, ಮಾರುಕಟ್ಟೆ ಒಂದೆಡೆ ಸೇರಿದಾಗ ಒಬ್ಬೊಬ್ಬರ ದುಡಿಮೆಯ ಬೆಲೆ ಹೆಚ್ಚುತ್ತದೆ. ನಮ್ಮ ಹಾಲನ್ನು ಕೊಂಡು ಕುಡಿಯುವವರೂ ನಗರವಾಸಿಗಳೇ. ಆದರೆ ಬಂದವರಿಗೆಲ್ಲ ಕೆಲಸ ಸಿಗುವಷ್ಟು ಉದ್ಯೋಗ ಬೆಳೆಯದಿದ್ದರೆ, ಹಳ್ಳಿಯ ಬಡತನ ಬಸ್ಸು ಹತ್ತಿ ನಗರಕ್ಕೆ ಹೋದಂತಾಗುತ್ತದೆ, ಅಷ್ಟೆ.

ನಿರುದ್ಯೋಗ ಎರಡು ಬಗೆ

ಕೆಲಸ ಹುಡುಕಿಯೂ ಸಿಗದವರದು ಬಹಿರಂಗ ನಿರುದ್ಯೋಗ. ಕೇಂದ್ರ ಸರ್ಕಾರದ ಸಮೀಕ್ಷೆಯಂತೆ 2023-24ರಲ್ಲಿ ಇದು ನಗರಗಳಲ್ಲಿ ಶೇ. 5.1, ಹಳ್ಳಿಗಳಲ್ಲಿ ಶೇ. 2.5 ಇತ್ತು. 15ರಿಂದ 29 ವರ್ಷದವರಲ್ಲಿ ಮಾತ್ರ ಶೇ. 10ಕ್ಕಿಂತ ಹೆಚ್ಚು.

ಹಾಗಾದರೆ ಹಳ್ಳಿಯಲ್ಲಿ ಎಲ್ಲರಿಗೂ ಕೆಲಸವಿದೆಯೇ? ಇಲ್ಲ. ಎರಡು ಹಸು ನೋಡಿಕೊಳ್ಳಲು ಒಬ್ಬರು ಸಾಕಾಗುವ ಕಡೆ ಮೂವರು ಓಡಾಡುತ್ತಿದ್ದರೆ, ಮೂವರೂ ದುಡಿಯುವವರೆಂದೇ ಲೆಕ್ಕಕ್ಕೆ ಬರುತ್ತಾರೆ. ಇಬ್ಬರು ಬೇರೆಡೆ ಹೋದರೂ ಹಾಲು ಒಂದು ಲೀಟರೂ ಕಡಿಮೆಯಾಗುವುದಿಲ್ಲ. ಇದಕ್ಕೆ ಮರೆಮಾಚಿದ ನಿರುದ್ಯೋಗ ಎಂದು ಹೆಸರು. 2023-24ರಲ್ಲಿ ನಮ್ಮ ದೇಶದಲ್ಲಿ ದುಡಿಯುವವರ ಪೈಕಿ ಶೇ. 46ರಷ್ಟು ಜನ ಕೃಷಿ ಮತ್ತು ಅದರ ಉಪಕಸುಬುಗಳಲ್ಲಿದ್ದರು; ಆದರೆ ದೇಶದ ಉತ್ಪತ್ತಿಯಲ್ಲಿ ಕೃಷಿಯ ಪಾಲು ಸುಮಾರು ಶೇ. 18 ಮಾತ್ರ ಇತ್ತು. ಹೆಚ್ಚು ಜನ ಸೇರಿ ಕಡಿಮೆ ಗಳಿಸುತ್ತಿದ್ದಾರೆ ಎಂಬುದು ಇದರ ಅರ್ಥ.

ಬೆದೆ ತಪ್ಪಿದ ಹಸುವಿನ ಖರ್ಚು ನಿಮಗೆಲ್ಲ ಗೊತ್ತು. ಹಾಲಿಲ್ಲದಿದ್ದರೂ ಮೇವು ಹಾಕಲೇಬೇಕು. ತಪ್ಪು ಹಸುವಿನದಲ್ಲ, ವೇಳೆಗೆ ಸರಿಯಾಗಿ ಗಮನಿಸದ ನಮ್ಮದು. ದುಡಿಯುವ ಕೈಗೆ ಕೆಲಸವಿಲ್ಲದಾಗ ದೇಶಕ್ಕಾಗುವ ನಷ್ಟವೂ ಇಂಥದೇ. ಉತ್ಪತ್ತಿ ನಿಲ್ಲುತ್ತದೆ, ಕೊಳ್ಳುವ ಶಕ್ತಿ ಕುಗ್ಗುತ್ತದೆ, ಓದಿಸಿದ ಖರ್ಚು ವ್ಯರ್ಥವಾಗುತ್ತದೆ. ಇಲ್ಲಿಯೂ ತಪ್ಪು ಕೆಲಸವಿಲ್ಲದವನದಲ್ಲ.

ಕೀನ್ಯಾ ಕಲಿಸಿದ ಪಾಠ

ನಗರದಲ್ಲಿ ಉದ್ಯೋಗ ಹೆಚ್ಚಿಸಿದರೆ ನಿರುದ್ಯೋಗ ಇಳಿಯಬೇಕಲ್ಲವೇ? ಆಫ್ರಿಕದ ಕೀನ್ಯಾ ದೇಶ ಸ್ವತಂತ್ರವಾದ ಮರುವರ್ಷ, 1964ರಲ್ಲಿ, ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಒಂದು ಒಪ್ಪಂದ ಮಾಡಿಕೊಂಡವು. ಸರ್ಕಾರ ಶೇ. 15ರಷ್ಟು, ಖಾಸಗಿಯವರು ಶೇ. 10ರಷ್ಟು ಹೆಚ್ಚು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಕಾರ್ಮಿಕರು ಒಂದು ವರ್ಷ ಕೂಲಿ ಹೆಚ್ಚಳ ಕೇಳಬಾರದು ಎಂದು. ಸುದ್ದಿ ಹರಡಿ, ಇದ್ದ ಕೆಲಸಕ್ಕಿಂತ ಎಷ್ಟೋ ಹೆಚ್ಚು ಜನ ಹಳ್ಳಿ ಬಿಟ್ಟು ನಗರಕ್ಕೆ ಬಂದರು. ನಿರುದ್ಯೋಗ ಇಳಿಯುವ ಬದಲು ಏರಿತು.

ಜಾನ್ ಹ್ಯಾರಿಸ್ ಮತ್ತು ಮೈಕೆಲ್ ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಇದರ ಕಾರಣವನ್ನು ವಿವರಿಸಿದರು. ಹಳ್ಳಿಯಲ್ಲಿ 6,000 ರೂ., ನಗರದಲ್ಲಿ 16,000 ರೂ. ದುಡಿಮೆ ಇದೆಯೆಂದರೆ, ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಸಿಗುವಂತಿದ್ದರೂ ಜನ ಹೊರಟೇಬಿಡುತ್ತಾರೆ. ನಗರದಲ್ಲಿ ಕೆಲಸ ಸೃಷ್ಟಿಸಿದರಷ್ಟೇ ಸಾಲದು, ಹಳ್ಳಿಯ ಆದಾಯವೂ ಏರಬೇಕು ಎಂಬುದೇ ಈ ಪಾಠ.

ಹಾಲು ತೋರಿದ ದಾರಿ

ಹಿಂದೆ ಮುಂಬಯಿ, ಕಲ್ಕತ್ತಗಳಿಗೆ ಹಾಲು ಬೇಕಾದಾಗ ಕರೆಯುವ ಎಮ್ಮೆಗಳನ್ನೇ ನಗರಕ್ಕೆ ಸಾಗಿಸುತ್ತಿದ್ದರು. ಅಲ್ಲಿನ ಇಕ್ಕಟ್ಟಾದ ಕೊಟ್ಟಿಗೆಗಳಲ್ಲಿ ಹಾಲು ಬತ್ತಿದೊಡನೆ ಎಷ್ಟೋ ಒಳ್ಳೆಯ ಎಮ್ಮೆಗಳು ಕಸಾಯಿಖಾನೆ ಸೇರುತ್ತಿದ್ದವು. 1970ರಲ್ಲಿ ಡಾ. ವರ್ಗೀಸ್ ಕುರಿಯನ್ನರ ನೇತೃತ್ವದಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆ ಇದನ್ನು ತಿರುವಿಹಾಕಿತು. ಜಾನುವಾರು ಊರಿನಲ್ಲೇ ಉಳಿದವು, ಹಾಲು ಮಾತ್ರ ನಗರಕ್ಕೆ ಹೋಯಿತು, ಹಣ ಹಳ್ಳಿಗೆ ಬಂತು. ಕರ್ನಾಟಕದಲ್ಲಿ ಈ ಕೆಲಸ 1974ರಲ್ಲಿ ಮೊದಲಾಯಿತು. ನಗರದ ಬೆಳವಣಿಗೆಯನ್ನು ಹಳ್ಳಿಯ ಉದ್ಯೋಗವಾಗಿ ಮಾಡಿಕೊಳ್ಳಬಹುದು ಎಂಬುದಕ್ಕೆ ನಮ್ಮ ಸಂಘಗಳೇ ಸಾಕ್ಷಿ.

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ನಗರದ ಕೆಲಸ ಕಳೆದುಕೊಂಡವರು ಊರಿಗೇ ಹಿಂತಿರುಗಿದರು. ಕೃಷಿಯಲ್ಲಿ ದುಡಿಯುವವರ ಪ್ರಮಾಣ 2018-19ರಲ್ಲಿ ಶೇ. 42.5 ಇದ್ದುದು 2019-20ರಲ್ಲಿ ಶೇ. 45.6ಕ್ಕೆ ಏರಿತು. ಬಂದವರಿಗೆ ಆಸರೆ ಕೊಟ್ಟದ್ದು ಹೊಲ ಮತ್ತು ಕೊಟ್ಟಿಗೆ. ಆದರೆ ಆಸರೆ ಬೇರೆ, ಲಾಭದ ಉದ್ಯೋಗ ಬೇರೆ. ಎರಡನ್ನೂ ಒಂದೇ ಎಂದು ಭಾವಿಸಬಾರದು.

ಮನೆಯ ಲೆಕ್ಕ

ಮಗ ಹೊರಡುವ ಮುನ್ನ ಮನೆಮಂದಿ ಕುಳಿತು ಲೆಕ್ಕ ಹಾಕಿ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಪಾಸ್ ಪುಸ್ತಕದ ಅಂಕಿಗಳನ್ನು ಇಟ್ಟು ನೋಡಿ.

ನಗರದಲ್ಲಿ: ಸಂಬಳ 16,000 ರೂ. ಬಾಡಿಗೆಯ ಪಾಲು 4,500, ಊಟ 5,000, ಬಸ್ಸು ಮತ್ತು ಇತರೆ 2,000. ಉಳಿಯುವುದು 4,500 ರೂ.

ಊರಿನಲ್ಲಿ: ದಿನಕ್ಕೆ 8 ಲೀಟರ್ ಕೊಡುವ ಎರಡು ಮಿಶ್ರತಳಿ ಹಸು, ಲೀಟರಿಗೆ 35 ರೂ. ಹತ್ತು ತಿಂಗಳ ಹಾಲಿನ ಹಣ 1,68,000 ರೂ. ಪಶು ಆಹಾರ, ಮೇವು, ಔಷಧಿ ಸೇರಿ ಹಾಲಿರುವಾಗ ತಿಂಗಳಿಗೆ 10,000, ಬತ್ತಿದ ಮೂರು ತಿಂಗಳು 5,500ರಂತೆ ಒಟ್ಟು ಖರ್ಚು 1,16,500. ಹದಿಮೂರು ತಿಂಗಳಲ್ಲಿ ಉಳಿಯುವುದು 51,500, ಅಂದರೆ ತಿಂಗಳಿಗೆ ಸುಮಾರು 4,000 ರೂ. ಮೂರು ಸಲ ಬೆದೆ ತಪ್ಪಿ ಇನ್ನೆರಡು ತಿಂಗಳು ಹಾಲಿಲ್ಲದೆ ಕಳೆದರೆ ಇದು 2,700ಕ್ಕೆ ಇಳಿಯುತ್ತದೆ.

ಇದರಿಂದ ತಿಳಿಯುವುದೇನು? ಎರಡು ಹಸು ಒಬ್ಬ ಯುವಕನ ಪೂರ್ಣ ಉದ್ಯೋಗವಲ್ಲ. ಅವನನ್ನು ಸುಮ್ಮನೆ ತಡೆದು ನಿಲ್ಲಿಸುವುದು ನ್ಯಾಯವಲ್ಲ. ಸ್ವಂತ ಮೇವಿನೊಂದಿಗೆ ನಾಲ್ಕೈದು ಹಸುಗಳಾದರೆ ಅದೇ ಒಂದು ಜೊತೆ ಕೈಗೆ ನಗರದ ಉಳಿತಾಯವನ್ನು ಮೀರಿದ ಆದಾಯ ಬರಬಹುದು.

ಮಾಡಬೇಕಾದದ್ದು

1. ಬೆದೆಯ ದಿನಾಂಕ ಬರೆದಿಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ.

2. ಹಸು ಹೆಚ್ಚಿಸುವ ಮೊದಲು ಮೇವು ಹೆಚ್ಚಿಸಿ. ನೇಪಿಯರ್ ಬೆಳೆಯಿರಿ, ಮುಸುಕಿನ ಜೋಳದ ರಸಮೇವು ಮಾಡಿಡಿ.

3. ತಾಯಿಯ ಬೆನ್ನಿನ ಮೇಲಿನ ಹೊರೆ ಇಳಿಸಿ. ಮೇವು ಕತ್ತರಿಸುವ ಯಂತ್ರ, ಕೊಟ್ಟಿಗೆಯ ಹತ್ತಿರವೇ ಮೇವಿನ ತಾಕು, ನೀರಿನ ತೊಟ್ಟಿ ಇರಲಿ.

4. ದುಡಿಯುವವರ ಹೆಸರಿನಲ್ಲೇ ಸದಸ್ಯತ್ವ ಮತ್ತು ಬಟವಾಡೆ ಇರಲಿ. ಮಗನೇ ದುಡಿಯುವುದಾದರೆ ಹಣ ಅವನ ಕೈಗೇ ಬರಲಿ. ತನ್ನದೆನ್ನುವ ಆದಾಯವಿಲ್ಲದ ಕಡೆ ಯಾರೂ ನಿಲ್ಲುವುದಿಲ್ಲ.

5. ಹೋಗುವುದೇ ಆದರೆ ಯಾವ ಕೆಲಸ, ಎಷ್ಟು ಸಂಬಳ ಎಂದು ತಿಳಿದು, ಒಂದು ಕಸುಬು ಕಲಿತು ಹೋಗಲಿ. ಮೊದಲ ತಿಂಗಳೇ ಎಲ್ಲ ಹಸುಗಳನ್ನೂ ಮಾರಬೇಡಿ.

ನಗರ ಬೆಳೆಯುತ್ತಲೇ ಇರುತ್ತದೆ, ಹಾಲನ್ನೂ ಕೇಳುತ್ತಲೇ ಇರುತ್ತದೆ. ಆ ಹಾಲು ನಮ್ಮ ಊರಿನಿಂದ ಹೋಗಬೇಕಾದರೆ, ಕೊಟ್ಟಿಗೆಯಲ್ಲಿ ದುಡಿಯುವ ಕೈಗೆ ತಕ್ಕ ಬೆಲೆ ಸಿಗಬೇಕು. ಮುಂದಿನ ಬಟವಾಡೆಯ ದಿನ ಮನೆಯಲ್ಲಿ ಎಲ್ಲರೂ ಕುಳಿತು ಈ ಲೆಕ್ಕ ಮಾಡಿ ನೋಡಿ.