ವಿ.ಆರ್. ಹೆಡ್‌ಸೆಟ್ ಬಳಸುವಾಗ ಪಕ್ಕದಲ್ಲಿ ಒಬ್ಬರಿರಲಿ
(ರೋಗಿಗಳ ಹಾಗೂ ಅವರ ಬಂಧುಗಳ ಮಾಹಿತಿಗಾಗಿ)

ಪುಣೆ, ಬೆಂಗಳೂರುಗಳಲ್ಲಿ ನೌಕರಿ ಮಾಡುವ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಾಗ ಹೊಸದೊಂದು ಸಾಧನ ತರುವುದುಂಟು. ಕಣ್ಣನ್ನು ಪೂರ್ತಿ ಮುಚ್ಚುವ ದಪ್ಪ ಕನ್ನಡಕದಂತಹ ಇದಕ್ಕೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್, ಅಂದರೆ ವಿ.ಆರ್. ಹೆಡ್‌ಸೆಟ್ ಎನ್ನುತ್ತಾರೆ. ಇದನ್ನು ಹಾಕಿಕೊಂಡು ಚಿಕ್ಕೋಡಿಯ ಪಡಸಾಲೆಯಲ್ಲಿ ಕುಳಿತವರಿಗೆ ತಾವು ಸಮುದ್ರದ ದಂಡೆಯಲ್ಲಿ ನಿಂತಂತೆ ಕಾಣುತ್ತದೆ. ತಲೆ ತಿರುಗಿಸಿದ ಕಡೆಯ ನೋಟವೆಲ್ಲ ಕಾಣುತ್ತದೆ.

ಇದು ಬರೀ ಆಟಿಕೆಯಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು ಸುಟ್ಟಗಾಯಕ್ಕೆ ಡ್ರೆಸ್ಸಿಂಗ್ ಮಾಡುವಾಗ ರೋಗಿಯ ಗಮನವನ್ನು ನೋವಿನಿಂದ ಬೇರೆಡೆಗೆ ಸೆಳೆಯಲು ಇದನ್ನು 1990ರ ದಶಕದಿಂದಲೇ ಬಳಸಿ ನೋಡಿದ್ದಾರೆ. 2021ರ ನವೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯು ಬಹುಕಾಲದ ಸೊಂಟನೋವಿಗೆ ಮನೆಯಲ್ಲೇ 8 ವಾರ ಬಳಸುವ ಒಂದು ವಿ.ಆರ್. ಕಾರ್ಯಕ್ರಮಕ್ಕೆ ಅನುಮತಿ ನೀಡಿತು. ಆದರೆ ಅದನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ಬಳಸಬೇಕು. ಅಂಗಡಿಯಿಂದ ತಂದ ಆಟಗಳು ಔಷಧಿಗೆ ಬದಲಿಯಲ್ಲ ಎಂಬುದನ್ನು ನೆನಪಿಡಿ.

ತಲೆ ಏಕೆ ಸುತ್ತುತ್ತದೆ?

ನಿಪ್ಪಾಣಿಯಿಂದ ಆಜರಾ ಮಾರ್ಗವಾಗಿ ಅಂಬೋಲಿ ಘಾಟ್ ಇಳಿಯುವ ಬಸ್ಸಿನಲ್ಲಿ ಕೆಲವರಿಗೆ ವಾಂತಿಯಾಗುವುದನ್ನು ನೀವು ನೋಡಿರಬಹುದು. ನಮ್ಮ ಒಳಕಿವಿಯಲ್ಲಿ ಸಮತೋಲನ ಕಾಯುವ ಅಂಗವಿದೆ. ಬಸ್ಸು ತಿರುವಿನಲ್ಲಿ ಹೊರಳಿದಾಗ ಒಳಕಿವಿ ‘ದೇಹ ಚಲಿಸುತ್ತಿದೆ’ ಎನ್ನುತ್ತದೆ, ಬಸ್ಸಿನ ಒಳಗನ್ನೇ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಹೆಡ್‌ಸೆಟ್ಟಿನಲ್ಲಿ ಇದೇ ಉಲ್ಟಾ ಆಗುತ್ತದೆ. ಕಣ್ಣು ಓಡುತ್ತಿರುತ್ತದೆ, ದೇಹ ಕುರ್ಚಿಯಲ್ಲೇ ಇರುತ್ತದೆ. ಈ ಎರಡರ ಜಗಳದಿಂದ ತಲೆಸುತ್ತು, ವಾಕರಿಕೆ, ಬೆವರು ಬರುತ್ತವೆ.

‘ಸ್ವಲ್ಪ ತಡೆದುಕೊಂಡರೆ ರೂಢಿಯಾಗುತ್ತದೆ’ ಎಂಬ ಮಾತು ತಪ್ಪು. ವಾಕರಿಕೆ ಸುರುವಾದ ಕೂಡಲೇ ಹೆಡ್‌ಸೆಟ್ ತೆಗೆಯಿರಿ. ಪೂರ್ತಿ ಆರಾಮ ಎನಿಸುವವರೆಗೆ ಬೈಕು ಹತ್ತಬೇಡಿ, ಟ್ರ್ಯಾಕ್ಟರ್ ನಡೆಸಬೇಡಿ, ಬಾವಿಯ ಮೋಟರ್ ಕಡೆ ಹೋಗಬೇಡಿ.

ಬೀಳುವುದೇ ದೊಡ್ಡ ಅಪಾಯ

ಹೆಡ್‌ಸೆಟ್ ಹಾಕಿಕೊಂಡವರಿಗೆ ತಾವಿರುವ ಕೋಣೆ ಕಾಣುವುದಿಲ್ಲ. ನಮ್ಮ ಮನೆಯಲ್ಲೇ ನಡೆದ ಸಂಗತಿ ಇದು. ಮೊಣಕಾಲು ನೋವಿನ ನಮ್ಮ ಮಾವನವರು ನಿಂತುಕೊಂಡೇ ನೋಡುತ್ತಿದ್ದರು. ಚಿತ್ರದಲ್ಲಿ ಕಂಡ ಸೇತುವೆಯ ಕಂಬಿ ಹಿಡಿಯಲೆಂದು ಕೈ ಚಾಚಿ ಮುಂದೆ ಬಾಗಿದರು. ಕೈಗೆ ಕಂಬಿ ಎಲ್ಲಿ ಸಿಗಬೇಕು? ಪಕ್ಕದಲ್ಲಿದ್ದ ಅತ್ತೆಯವರು ತಟ್ಟನೆ ತೋಳು ಹಿಡಿದದ್ದರಿಂದ ಬೀಳಲಿಲ್ಲ. ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಎಲುಬು ಮುರಿದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ: ಪಕ್ಕದಲ್ಲಿ ಕಾಯಲು ಯಾರೂ ಇಲ್ಲದಿದ್ದರೆ ಹೆಡ್‌ಸೆಟ್ ಹಾಕಿಕೊಳ್ಳುವುದಿಲ್ಲ.

ಬಳಸುವವರು ಪಾಲಿಸಬೇಕಾದ ಅಂಶಗಳು

1. ವಯಸ್ಸಾದವರು, ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಹೋದವರು ಕೈಯಿರುವ ಗಟ್ಟಿ ಕುರ್ಚಿಯಲ್ಲಿ ಕುಳಿತೇ ನೋಡಬೇಕು.
2. ನಿಂತು ಬಳಸುವವರಿಗೆ ಸುಮಾರು ಆರೂವರೆ ಅಡಿ ಉದ್ದ, ಅಷ್ಟೇ ಅಗಲದ ಖಾಲಿ ಜಾಗ ಬೇಕು. ಹೊಸ್ತಿಲು, ಕಟ್ಟೆ, ನೀರು ಚೆಲ್ಲಿದ ಫರಸಿ, ತಗ್ಗಿನ ಫ್ಯಾನು ಹತ್ತಿರ ಇರಬಾರದು. ಮಾಳಿಗೆಯ ಮೇಲೆ ಎಂದೂ ಬಳಸಬೇಡಿ.
3. ಮೊದಲ ದಿನ 5 ನಿಮಿಷ ಸಾಕು. ಮುಂದೆಯೂ ಅರ್ಧ ತಾಸಿಗೊಮ್ಮೆ ತೆಗೆದು 10-15 ನಿಮಿಷ ವಿಶ್ರಾಂತಿ ಪಡೆಯಿರಿ. ಓಡುವ, ಹಾರುವ ಆಟಗಳಿಗಿಂತ ನಿಂತಲ್ಲೇ ನೋಡುವ ದೃಶ್ಯಗಳಿಂದ ಸುರು ಮಾಡಿ.
4. ಚಿತ್ರ ಮಸುಕಾಗಿದ್ದರೆ ಕಣ್ಣು ಕಿರಿದು ಮಾಡಿ ನೋಡಬೇಡಿ. ಎರಡೂ ಲೆನ್ಸುಗಳ ಅಂತರವನ್ನು ನಿಮ್ಮ ಕಣ್ಣುಗಳಿಗೆ ಸರಿಹೊಂದಿಸಿಕೊಳ್ಳಿ. ನೋಡುವ ಭರದಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ನೆನಪಿಟ್ಟು ರೆಪ್ಪೆ ಬಡಿಯಿರಿ.
5. ಹೆಡ್‌ಸೆಟ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಪಟ್ಟಿಯನ್ನು ಅತಿ ಬಿಗಿ ಮಾಡದೆ, ಭಾರವೆಲ್ಲ ಮೂಗು-ಕೆನ್ನೆಯ ಮೇಲೆ ಬೀಳದಂತೆ ಹೊಂದಿಸಿ.
6. ಒಬ್ಬರ ಬೆವರು ಇನ್ನೊಬ್ಬರಿಗೆ ತಾಗದಿರಲಿ. ಮುಖಕ್ಕೆ ತಾಗುವ ಭಾಗವನ್ನು ಪ್ರತಿ ಸಲ ಒರೆಸಿ. ಲೆನ್ಸನ್ನು ಮೆತ್ತನೆಯ ಒಣ ಬಟ್ಟೆಯಿಂದ ಮಾತ್ರ ಒರೆಸಬೇಕು. ಕೆಂಗಣ್ಣು ಬಂದವರು ಹಾಕಿಕೊಳ್ಳಬಾರದು. ಮುಖದ ಮೇಲೆ ತುರಿಕೆ, ಗುಳ್ಳೆ ಎದ್ದರೆ ಬಳಕೆ ನಿಲ್ಲಿಸಿ.
7. ಬಿಸಿಲಿಗೆ ಇಡಬೇಡಿ. ಲೆನ್ಸು ಬೂದುಗಾಜಿನಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಒಳಗಿನ ಪರದೆಯನ್ನು ಸುಡುತ್ತದೆ.

ಮಕ್ಕಳ ವಿಷಯದಲ್ಲಿ ತಯಾರಕರು ಹೇಳಿದ ವಯಸ್ಸಿನ ಮಿತಿಯನ್ನು ಮೀರಬೇಡಿ. ಹೆಚ್ಚಿನ ಕಂಪನಿಗಳು ಈ ಮಿತಿಯನ್ನು 10ರಿಂದ 13 ವರ್ಷದ ನಡುವೆ ಇಟ್ಟಿವೆ.

ವೈದ್ಯರನ್ನು ಕೇಳದೆ ಬಳಸಬಾರದವರು

ಮೂರ್ಛೆರೋಗ ಇರುವವರು, ಪದೇ ಪದೇ ತಲೆ ಸುತ್ತುವವರು, ಹೃದಯಕ್ಕೆ ಪೇಸ್‌ಮೇಕರ್ ಕೂಡಿಸಿಕೊಂಡವರು, ಪೊರೆ ಮುಂತಾದ ಕಣ್ಣಿನ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆದವರು, ತಲೆಗೆ ಪೆಟ್ಟಾದವರು, ಕುತ್ತಿಗೆ ನೋವಿನವರು ಹಾಗೂ ಗರ್ಭಿಣಿಯರು.

ಪಕ್ಕದಲ್ಲಿ ಕುಳಿತವರ ಕೆಲಸ

ಹಾಕಿಕೊಂಡವರನ್ನು ಮುಟ್ಟುವ ಮೊದಲು ಹೆಸರು ಹಿಡಿದು ಅಥವಾ ಅಜ್ಜ, ಅವ್ವ ಎಂದು ಕರೆದು ಮಾತನಾಡಿಸಿ. ಹಠಾತ್ತನೆ ಮುಟ್ಟಿದರೆ ಬೆದರಿ ಕೈ ಬೀಸಬಹುದು. ಅಂಬೆಗಾಲಿಡುವ ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ. ಮಾತು ನಿಂತರೆ, ಬೆವರು ಬಂದರೆ, ದೇಹ ಒಂದು ಕಡೆಗೆ ವಾಲಿದರೆ ಅವರು ಕೇಳುವವರೆಗೆ ಕಾಯದೆ ಹೇಳಿ, ಹೆಡ್‌ಸೆಟ್ ತೆಗೆಯಿರಿ.

ಅಪರೂಪಕ್ಕೆ ಮಿನುಗುವ ಬೆಳಕಿನಿಂದ ಫಿಟ್ಸ್ ಬರಬಹುದು. ಆಗ ಹೆಡ್‌ಸೆಟ್ ತೆಗೆದು, ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಿ. ಕೈಕಾಲು ಬಿಗಿಯಾಗಿ ಹಿಡಿಯಬೇಡಿ, ಬಾಯಲ್ಲಿ ಏನನ್ನೂ ಹಾಕಬೇಡಿ, ನೀರು ಕುಡಿಸಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಉಳ್ಳಾಗಡ್ಡಿ ಮೂಸಿಸುವುದರಿಂದ ಉಪಯೋಗವಿಲ್ಲ, ಹೊತ್ತು ಮಾತ್ರ ಹಾಳು. ಮೊದಲ ಸಲ ಬಂದಿದ್ದರೆ ಅಥವಾ 5 ನಿಮಿಷ ಕಳೆದರೂ ನಿಲ್ಲದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ.

ಹಾಸಿಗೆ ಹಿಡಿದ ಅಜ್ಜಿಗೆ ತಾನು ನೋಡಲಾಗದ ಕಾಶಿಯನ್ನೋ ಸಮುದ್ರವನ್ನೋ ತೋರಿಸುವುದು ಒಳ್ಳೆಯ ಕೆಲಸವೇ. ಆಕೆ ಅದನ್ನು ನೋಡುತ್ತಿರುವಷ್ಟು ಹೊತ್ತು ನೀವು ಆಕೆಯನ್ನು ನೋಡುತ್ತಿರಿ. ಸಂಶಯ ಬಂದರೆ ನಿಮ್ಮ ವಾರ್ಡಿನ ಸಿಸ್ಟರ್ ಅವರನ್ನು ಸಂಕೋಚವಿಲ್ಲದೆ ಕೇಳಿ.