ಚರ್ಮದ ಮಾತನ್ನು ಮೊದಲೇ ಕೇಳಬೇಕು

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಸೌಂದರ್ಯ ಚಿಕಿತ್ಸೆಯ ಬೋರ್ಡುಗಳು ಈಗ ದರ್ಶಿನಿ, ಮೆಡಿಕಲ್ ಶಾಪ್‌ಗಳ ಸಾಲಿನಲ್ಲೇ ಕಾಣುತ್ತವೆ. ಮೂಗಿನ ಶಸ್ತ್ರಚಿಕಿತ್ಸೆ ಎಂದೊಡನೆ ಮಾತೆಲ್ಲ ಆಕಾರದ ಸುತ್ತಲೇ ನಡೆಯುತ್ತದೆ: ದಿಬ್ಬ ತೆಗೆಯುವುದು, ತುದಿ ಚೂಪಾಗಿಸುವುದು, ದೊಣ್ಣೆ ಮೂಗನ್ನು ಸಂಪಿಗೆ ಎಸಳಿನಂತೆ ಮಾಡುವುದು. ಆ ಆಕಾರವನ್ನು ಹೊದ್ದುಕೊಳ್ಳಬೇಕಾದ ಚರ್ಮದ ಪ್ರಸ್ತಾಪ ಬರುವುದು ಕಡಿಮೆ. ದಪ್ಪ ಚರ್ಮದ ಮೂಗಿಗೆ ಈ ಚಿಕಿತ್ಸೆ ಮಾಡಿಸಿಕೊಂಡ ನನಗೆ ಅನುಭವದಿಂದ ಖಚಿತವಾದ ಸಂಗತಿ ಒಂದೇ. ಫಲಿತಾಂಶದ ಬಗ್ಗೆ ತೃಪ್ತಿ ಹುಟ್ಟುವುದೋ ಇಲ್ಲವೋ ಎಂಬುದು ಚರ್ಮ ಎಷ್ಟು ದಪ್ಪ ಎಂಬುದಕ್ಕಿಂತ, ಆ ದಪ್ಪದ ಅರ್ಥವನ್ನು ನಮಗೆ ಯಾವಾಗ ಹೇಳಿದರು ಎಂಬುದರ ಮೇಲೆ ಹೆಚ್ಚು ನಿಂತಿದೆ.

ಮೂಗಿನ ಚರ್ಮ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಹುಬ್ಬುಗಳ ನಡುವಿನ ತಗ್ಗಿನಲ್ಲಿ ಅದು ಸರಾಸರಿ 1.25 ಮಿಲಿಮೀಟರ್ ದಪ್ಪ. ಎಲುಬು ಮುಗಿದು ಮೃದ್ವಸ್ಥಿ ಶುರುವಾಗುವ ಏಣಿನ ಮೇಲೆ ಸುಮಾರು 0.6 ಮಿಲಿಮೀಟರ್, ತುದಿಯ ಹತ್ತಿರ ಜಿಡ್ಡಿನ ಗ್ರಂಥಿಗಳು ಒತ್ತಾಗಿರುವುದರಿಂದ ಮತ್ತೆ ದಪ್ಪ. ಶಸ್ತ್ರವೈದ್ಯರು ಮುಖ್ಯವಾಗಿ ಕೈಯಿಡುವುದು ಒಳಗಿನ ಎಲುಬಿಗೆ ಮತ್ತು ಮೃದ್ವಸ್ಥಿಗೆ. ಮೇಲಿನ ಚರ್ಮ ಹೊಸ ಚೌಕಟ್ಟಿಗೆ ತಾನಾಗಿ ಕುಗ್ಗಿ ಕೂರಬೇಕು. ಕೆತ್ತಿದ ವಿಗ್ರಹದ ಮೇಲೆ ಕಂಬಳಿ ಹೊದಿಸಿದರೆ ಕೆತ್ತನೆ ಮುಚ್ಚಿಹೋಗುತ್ತದೆ. ತೆಳು ಪಂಚೆ ಹೊದಿಸಿದರೆ ಸಣ್ಣ ಚಕ್ಕೆ ಎದ್ದಿದ್ದರೂ ಕಾಣುತ್ತದೆ. ದಪ್ಪ ಚರ್ಮದವರ ಕಷ್ಟ ಮೊದಲನೆಯದು, ತೆಳು ಚರ್ಮದವರದು ಎರಡನೆಯದು. ದಪ್ಪ ಚರ್ಮದಡಿಯ ಚೌಕಟ್ಟನ್ನು ಅತಿಯಾಗಿ ಕಿರಿದು ಮಾಡಿದರೆ ಚರ್ಮ ಅಷ್ಟು ಕುಗ್ಗುವುದಿಲ್ಲ. ಉಳಿದ ಖಾಲಿ ಜಾಗದಲ್ಲಿ ಗಾಯದ ಅಂಗಾಂಶ ತುಂಬಿಕೊಂಡು, ತುದಿಯ ಮೇಲ್ಭಾಗ ಗಿಣಿಕೊಕ್ಕಿನಂತೆ ಉಬ್ಬಬಹುದು. ‘ಇನ್ನೂ ಚಿಕ್ಕದು ಮಾಡಿ’ ಎಂಬ ಬೇಡಿಕೆಯೇ ಹೀಗೆ ಮೂಗನ್ನು ಇನ್ನಷ್ಟು ದೊಡ್ಡದಾಗಿ ಕಾಣಿಸುವ ಅಪಾಯವಿದೆ.

ಚರ್ಮವೇ ಮೂಗಿನ ಮುಖ್ಯ ದ್ರವ್ಯ ಎಂಬ ತಿಳಿವು ನಮ್ಮ ನೆಲಕ್ಕೆ ಹೊಸದಲ್ಲ. 1792ರ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್‌ಜಿ ಟಿಪ್ಪುವಿನ ಸೇನೆಗೆ ಸೆರೆಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡ. ಸುಮಾರು ಒಂದು ವರ್ಷದ ನಂತರ ಪುಣೆಯ ಕಡೆಯ ಒಬ್ಬ ಕುಶಲಕರ್ಮಿ ಮೇಣದ ಅಚ್ಚು ಮಾಡಿ, ಅದರ ಅಳತೆಗೆ ಹಣೆಯ ಚರ್ಮವನ್ನು ಬಿಡಿಸಿ ಇಳಿಸಿ ಅವನಿಗೆ ಮೂಗು ಕಟ್ಟಿಕೊಟ್ಟ. ಆ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅದನ್ನು ಅನುಸರಿಸಿ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಇಂಗ್ಲೆಂಡಿನಲ್ಲಿ ಇಂಥದೇ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿ ಮೊದಲ ಲೆಕ್ಕವೇ ಚರ್ಮದ್ದು: ಎಷ್ಟು ಬೇಕು, ಎಲ್ಲಿಂದ ಬರಬೇಕು, ರಕ್ತ ಹೇಗೆ ಹರಿಯಬೇಕು. ಇಂದು ಕಂಪ್ಯೂಟರ್ ಪರದೆಯ ಮೇಲೆ ‘ಆಮೇಲಿನ ಮೂಗು’ ಕ್ಷಣದಲ್ಲಿ ಮೂಡುತ್ತದೆ. ಆದರೆ ನಮ್ಮ ಚರ್ಮ ಎಷ್ಟು ಕುಗ್ಗೀತು, ಊತ ಎಷ್ಟು ತಿಂಗಳು ನಿಂತೀತು ಎಂಬುದನ್ನು ಆ ಚಿತ್ರ ಹೇಳುವುದಿಲ್ಲ. ಆ ಚಿತ್ರವನ್ನೇ ಮಾತು ಕೊಟ್ಟಂತೆ ನಂಬಿದಾಗ ನಿರಾಸೆಯ ಬೀಜ ಬೀಳುತ್ತದೆ.

ತೃಪ್ತಿಯನ್ನು ಅಳೆಯಲು ವೈದ್ಯಲೋಕದಲ್ಲಿ ಒಪ್ಪಿತ ಪ್ರಶ್ನಾವಳಿಯಿದೆ. ಅದರ ಆರು ಪ್ರಶ್ನೆಗಳಲ್ಲಿ ಉಸಿರಾಟ, ನೋಟ, ಆತ್ಮವಿಶ್ವಾಸ, ಆಪ್ತರ ಅಭಿಪ್ರಾಯ ಎಲ್ಲವೂ ಸೇರಿವೆ. ಪ್ರತಿಯೊಂದಕ್ಕೂ 0ಯಿಂದ 4 ಅಂಕ. ಚರ್ಮದ ದಪ್ಪ ಮತ್ತು ಈ ಅಂಕಗಳ ಸಂಬಂಧ ಹುಡುಕಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ದಪ್ಪ ಚರ್ಮದವರಲ್ಲಿ ತೃಪ್ತಿ ಕಡಿಮೆ ಎಂದರೆ, ಕೆಲವು ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎನ್ನುತ್ತವೆ. ‘ಹಾಗಾದರೆ ಇಷ್ಟೇಕೆ ಚಿಂತೆ?’ ಎಂದು ಕೇಳಬಹುದು. ನನ್ನ ವಾದಕ್ಕೆ ಬಲ ಬರುವುದು ಇಲ್ಲಿಯೇ. ದಪ್ಪ ಚರ್ಮವೇ ಅತೃಪ್ತಿಗೆ ಕಾರಣವಾಗಿದ್ದರೆ ಎಲ್ಲ ಕಡೆ ಒಂದೇ ಉತ್ತರ ಬರಬೇಕಿತ್ತು. ಬರುತ್ತಿಲ್ಲವೆಂದರೆ ನಡುವೆ ಬೇರೇನೋ ಕೆಲಸ ಮಾಡುತ್ತಿದೆ. ಅದು ನಿರೀಕ್ಷೆ ಮತ್ತು ಕಾಲ ಎಂಬುದು ನನ್ನ ತಿಳಿವಳಿಕೆ. ಸಾಮಾನ್ಯವಾಗಿ ಊತ ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯುತ್ತದೆ. ದಪ್ಪ ಚರ್ಮದ ತುದಿಯಲ್ಲಿ ಅದಕ್ಕೂ ಹೆಚ್ಚು. ವರ್ಷದ ಕೊನೆಗೆ ಅಂಕಗಳು ಸಮವಾದರೂ, ನಡುವಿನ ತಿಂಗಳುಗಳನ್ನು ಕನ್ನಡಿಯ ಮುಂದೆ ಒಂದೊಂದಾಗಿ ಕಳೆಯಬೇಕಾದವರು ನಾವು. ಮದುವೆಗೆ ಎರಡು ತಿಂಗಳಿರುವಾಗ ತುದಿಯ ಚಿಕಿತ್ಸೆಗೆ ಒಪ್ಪಿಕೊಳ್ಳುವ ಮನೆಯವರಿಗೆ ಈ ಲೆಕ್ಕ ಗೊತ್ತಿರಲೇಬೇಕು. ಚರ್ಮಕ್ಕಾಗಿ ಮುಹೂರ್ತ ಕಾಯುವುದಿಲ್ಲ.

‘ನುರಿತ ಕೈ ಸಿಕ್ಕರೆ ಚರ್ಮ ಅಡ್ಡಿಯಲ್ಲ’ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಚೌಕಟ್ಟನ್ನು ಕಿರಿದು ಮಾಡುವ ಬದಲು ಮೃದ್ವಸ್ಥಿಯ ಕಸಿಯಿಂದ ಗಟ್ಟಿಗೊಳಿಸಿ ತುದಿಯನ್ನು ಮುಂದಕ್ಕೆ ತಂದರೆ, ದಪ್ಪ ಚರ್ಮದಲ್ಲೂ ರೂಪ ಕಾಣುತ್ತದೆ. ಚರ್ಮದಡಿಯ ಕೊಬ್ಬನ್ನು ಸ್ವಲ್ಪ ತೆಳುಗೊಳಿಸಲೂಬಹುದು. ಆದರೆ ಚರ್ಮಕ್ಕೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳು ಅಲ್ಲೇ ಇರುವುದರಿಂದ ಮಿತಿ ಮೀರಿದರೆ ಚರ್ಮವೇ ಸಾಯಬಹುದು. ಕೌಶಲ ಆ ಮಿತಿಯ ಒಳಗೆ ಕೆಲಸ ಮಾಡುತ್ತದೆ, ಅದನ್ನು ಅಳಿಸುವುದಿಲ್ಲ. ‘ಇದನ್ನೆಲ್ಲ ಹೇಳಿದರೆ ಬಂದವರು ಹೆದರಿ ಹೋಗುತ್ತಾರೆ’ ಎಂಬುದು ಇನ್ನೊಂದು ಆಕ್ಷೇಪ. ಆದರೆ ಚಿಕಿತ್ಸೆಗೆ ರೋಗಿಯ ಒಪ್ಪಿಗೆಯ ಕುರಿತಾದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಸ್ಪಷ್ಟಪಡಿಸಿದೆ: ಸಾಕಷ್ಟು ಮಾಹಿತಿಯ ಮೇಲೆ ಕೊಟ್ಟ ಒಪ್ಪಿಗೆಯೇ ಒಪ್ಪಿಗೆ. ಕೇವಲ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆಯೂ ದೊರೆಯದು. ಕೂಡಿಟ್ಟ ಹಣ ಕೊಡುವವರಿಗೆ ಮಿತಿಗಳನ್ನು ತಿಳಿಯುವ ಹಕ್ಕು ಇನ್ನೂ ಹೆಚ್ಚು. ತಿಳಿದು ಹಿಂದೆ ಸರಿದವರು ನಷ್ಟವಲ್ಲ; ತಿಳಿಯದೆ ಒಳಗೆ ಹೋದವರ ನೋವೇ ನಷ್ಟ.

ಆದ್ದರಿಂದ ಈ ದಾರಿ ಹಿಡಿಯುವವರು ಆಕಾರದ ಮಾತಿಗೆ ಮೊದಲು ಮೂರು ಪ್ರಶ್ನೆ ಕೇಳಲಿ ಎಂಬುದು ನನ್ನ ಕಳಕಳಿ. ನನ್ನ ತುದಿಯ ಚರ್ಮ ಯಾವ ಬಗೆಯದು? ಅದು ಯಾವುದನ್ನು ಕಾಣಗೊಡದು? ಅದು ನೆಲೆಗೊಳ್ಳಲು ಎಷ್ಟು ಕಾಲ ಬೇಕು? ನನ್ನಂಥದೇ ಚರ್ಮದವರ, ಒಂದು ವರ್ಷ ದಾಟಿದ ಫೋಟೋಗಳನ್ನು ತೋರಿಸಿ ಎಂದೂ ಕೇಳಬೇಕು. ಬೇರೆಯವರಿಗೆ ಕಾಣದ ಕೊರತೆ ಹಗಲಿರುಳು ಕಾಡುತ್ತಿದ್ದರೆ, ಕತ್ತರಿಗೆ ಮೊದಲು ಮನಸ್ಸಿನ ವೈದ್ಯರನ್ನು ಕಾಣುವುದು ಒಳಿತು. ಮಾನಸಿಕ ಆರೋಗ್ಯದ ಆಸ್ಪತ್ರೆ ನಿಮ್ಹಾನ್ಸ್ ನಮ್ಮ ದಕ್ಷಿಣ ಬೆಂಗಳೂರಿನ ಮಗ್ಗುಲಲ್ಲೇ ಇದೆ. ಮೂಗಿಗಿಂತ ಮೂಗುತಿ ಭಾರವಾಗಬಾರದು ಎನ್ನುತ್ತೇವೆ. ನಿರೀಕ್ಷೆಯ ತೂಕವೂ ಹಾಗೆಯೇ; ಅದನ್ನು ಹೊರಬೇಕಾದ ಚರ್ಮವನ್ನು ಮುಟ್ಟಿ ನೋಡಿದ ಮೇಲೆ ನಿರ್ಧರಿಸಬೇಕು.